ಮೂರು ತೂತಿದ್ದರೆ ಅರ್ತ್ ಇದೆ ಅಂತಲ್ಲ: ಥಾಯ್ಲೆಂಡ್ ಮನೆಯ ವೈರಿಂಗ್

ಬ್ಯಾಂಕಾಕ್ ಪಕ್ಕದ ನೊಂತಬುರಿಯ ಬಾಡಿಗೆ ಮನೆಗೆ ಬಂದ ಮೊದಲ ವಾರ. ಬಚ್ಚಲಿನ ಗೋಡೆಯಲ್ಲಿ ಪುಟ್ಟ ವಾಟರ್ ಹೀಟರ್ ಇತ್ತು. ಆನ್ ಮಾಡಿ ನಲ್ಲಿ ಮುಟ್ಟಿದೆ. ಬೆರಳ ತುದಿ ಜುಮ್ ಅಂದಿತು. ಮತ್ತೆ ಮುಟ್ಟಿದೆ, ಮತ್ತೆ ಜುಮ್. ಹೀಟರ್ ಆಫ್ ಮಾಡಿ, ತಣ್ಣೀರಲ್ಲೇ ಸ್ನಾನ ಮುಗಿಸಿ, ಪಕ್ಕದ ಮನೆಯವರನ್ನು ಕೇಳಿದೆ. ಅವರು "ಫೈ ದೂತ್" ಅಂದರು. ಫೈ ಅಂದರೆ ಕರೆಂಟು, ದೂತ್ ಅಂದರೆ ಹೀರುವುದು. ನಮ್ಮಲ್ಲಿ ಕರೆಂಟ್ ಹೊಡೆಯುತ್ತದೆ, ಅವರಲ್ಲಿ ಹೀರುತ್ತದೆ.

ಮಾರನೇ ದಿನ ಎಲೆಕ್ಟ್ರಿಷಿಯನ್ ಬಂದು ಹೀಟರಿನ ಮುಚ್ಚಳ ಬಿಚ್ಚಿದರು. ಒಳಗೆ ಹಸಿರು ವೈರು, ಅಂದರೆ ಸೋರಿದ ಕರೆಂಟಿಗೆ ದಾರಿ ಕೊಡುವ ಅರ್ತ್ ವೈರು, ಇತ್ತು. ಆದರೆ ಅದನ್ನು ಸುರುಳಿ ಸುತ್ತಿ, ಟೇಪ್ ಹಾಕಿ, ಮೂಲೆಗೆ ತುರುಕಿದ್ದರು. ಎಲ್ಲಿಗೂ ಸೇರಿಸಿರಲಿಲ್ಲ. ಆಮೇಲೆ ಅಡುಗೆಮನೆಯ ಸಾಕೆಟ್ ಬಿಚ್ಚಿಸಿದೆ. ಮುಂದೆ ಮೂರು ತೂತು, ಹಿಂದೆ ಎರಡೇ ವೈರು. ಊರಿನಲ್ಲಿ ಮೂರು ತೂತಿನ ಸಾಕೆಟ್ ನೋಡಿ ನೋಡಿ ಅರ್ತ್ ಇದ್ದೇ ಇರುತ್ತದೆ ಅಂತ ನಂಬಿದ್ದ ಕಣ್ಣು ನನ್ನದು. ಆ ನಂಬಿಕೆಯನ್ನು ಅವತ್ತು ಬಿಟ್ಟೆ. ಹೊಸದಾಗಿ ಬರುವ ನಮ್ಮವರಿಗೆ ಉಪಯೋಗ ಆಗಲಿ ಅಂತ, ಆಮೇಲೆ ಕೇಳಿ, ಓದಿ, ಅಳೆದು ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೀಟರ್ ಬೀದಿಯಲ್ಲಿ

ಕರೆಂಟ್ ನಮ್ಮೂರಿನ ಥರದ್ದೇ. 220ರಿಂದ 230 ವೋಲ್ಟ್, 50 ಹರ್ಟ್ಸ್. ಬೆಂಗಳೂರಿನಿಂದ ತಂದ ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಗ್ರೈಂಡರ್ ಎಲ್ಲ ಓಡುತ್ತವೆ. ಬ್ಯಾಂಕಾಕ್, ನೊಂತಬುರಿ, ಸಮುತ್ ಪ್ರಾಕಾನ್ ಮೂರಕ್ಕೂ ಮೆಟ್ರೊಪಾಲಿಟನ್ ಎಲೆಕ್ಟ್ರಿಸಿಟಿ ಅಥಾರಿಟಿ ಕರೆಂಟ್ ಕೊಡುತ್ತದೆ. ಉಳಿದ ಪ್ರಾಂತ್ಯಗಳಿಗೆ ಪ್ರಾವಿನ್ಶಿಯಲ್ ಎಲೆಕ್ಟ್ರಿಸಿಟಿ ಅಥಾರಿಟಿ. ಮೊದಲಿನದರ ಸಹಾಯವಾಣಿ 1130, ಎರಡನೆಯದರದ್ದು 1129. ನಿಮ್ಮ ಊರಿಗೆ ಯಾವುದೋ ಅದನ್ನು ಮೊಬೈಲಿನಲ್ಲಿ ಹಾಕಿಟ್ಟುಕೊಳ್ಳಿ.

ಬೇರೆ ಅನ್ನಿಸುವುದು ಮೀಟರ್ ಇರುವ ಜಾಗ. ನಮ್ಮಲ್ಲಿ ಮೀಟರ್ ಮನೆ ಗೋಡೆಗೆ ಇರುತ್ತದೆ. ಇಲ್ಲಿ ಸಾಮಾನ್ಯವಾಗಿ ಬೀದಿಯ ಕಾಂಕ್ರೀಟ್ ಕಂಬಕ್ಕೆ ಸಾಲಾಗಿ ಜೋಡಿಸಿರುತ್ತಾರೆ. ಕಂಬದಿಂದ ಮನೆವರೆಗೆ ಬರುವ ವೈರು ಮನೆಯವರದ್ದೇ ಜವಾಬ್ದಾರಿ. ತುಂಬಾ ಜನಕ್ಕೆ ಇದು ಗೊತ್ತಿರುವುದಿಲ್ಲ. ಆ ವೈರು ಮರದ ಕೊಂಬೆಗೆ ಉಜ್ಜುತ್ತಿದ್ದರೆ, ಬಿಸಿಲಿಗೆ ಇನ್ಸುಲೇಷನ್ ಬಿರಿದಿದ್ದರೆ ಸರಿಮಾಡಿಸಬೇಕಾದವರು ನಾವು ಅಥವಾ ಮನೆ ಮಾಲೀಕರು. ಇನ್ನೊಂದು ವಿಷಯ: ಮನೆಯ ಮೇನ್ ಬ್ರೇಕರ್ ಆಫ್ ಮಾಡಿದರೂ ಆ ವೈರಿನಲ್ಲಿ ಕರೆಂಟ್ ಇರುತ್ತದೆ. ಮೇನ್ ಬ್ರೇಕರಿನ ಮೇಲ್ಭಾಗದ ತುದಿಗಳೂ ಜೀವಂತವಾಗಿಯೇ ಇರುತ್ತವೆ. ಅದನ್ನು ಯಾವತ್ತೂ ಮುಟ್ಟಬೇಡಿ.

ಮೀಟರಿನ ಮೇಲೆ 5(15) ಅಥವಾ 15(45) ಅಂತ ಬರೆದಿರುತ್ತದೆ. ಆವರಣದ ಒಳಗಿನ ಸಂಖ್ಯೆ ಆ ಮೀಟರ್ ತಡೆಯುವ ಗರಿಷ್ಠ ಆಂಪಿಯರ್. 15 ಆಂಪಿಯರಿನ ಚಿಕ್ಕ ಮೀಟರಿನ ಮನೆಯಲ್ಲಿ ಒಂದು ವಾಟರ್ ಹೀಟರ್ ಹಾಕಿದರೇ ಮೀಟರ್ ತುಂಬಿಹೋಗುತ್ತದೆ. ಎಸಿ, ಹೀಟರ್, ಇಂಡಕ್ಷನ್ ಒಲೆ ಇಟ್ಟುಕೊಳ್ಳುವ ಕುಟುಂಬಕ್ಕೆ 15(45) ಬೇಕೇಬೇಕು. ಬಾಡಿಗೆ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಹೊರಗೆ ಹೋಗಿ ಕಂಬದ ಮೀಟರ್ ನೋಡಿ ಬನ್ನಿ.

ಹಳ್ಳಿ ಕಡೆ ಮನೆ ಮಾಡಿದರೆ ಮೀಟರಿನಿಂದ ಮನೆಗೆ ದೂರ ಎಷ್ಟು ಅಂತಲೂ ನೋಡಬೇಕು. 10 ಚದರ ಮಿಲಿಮೀಟರ್ ತಾಮ್ರದ ವೈರು 100 ಮೀಟರ್ ಎಳೆದು, 30 ಆಂಪಿಯರ್ ಹರಿಸಿದರೆ ದಾರಿಯಲ್ಲೇ ಸುಮಾರು 11 ವೋಲ್ಟ್ ಕಳೆದುಹೋಗುತ್ತದೆ. ವೈರು ಇನ್ನೂ ಸಣ್ಣದಿದ್ದರೆ ಇನ್ನೂ ಜಾಸ್ತಿ. ಹೀಟರ್ ಹಾಕಿದಾಗ ಬಲ್ಬ್ ಮಂಕಾಗುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ಕಪ್ಪು ವೈರಿನ ಮೋಸ

ನಮ್ಮೂರಿನ ಹಳೆ ಪಾಠ ಎಲ್ಲರಿಗೂ ಗೊತ್ತು. ಕೆಂಪು ಫೇಸ್ (ಕರೆಂಟ್ ತರುವ ವೈರು), ಕಪ್ಪು ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ವೈರು), ಹಸಿರು ಅರ್ತ್. ಮನೆಯಲ್ಲಿ ಒಂದು ಸ್ವಿಚ್ ಬದಲಾಯಿಸಿದವರಿಗೂ ಇದು ಬಾಯಿಪಾಠ. ಈ ಪಾಠವನ್ನು ಥಾಯ್ಲೆಂಡಿಗೆ ತಂದರೆ ಜೀವಕ್ಕೇ ಅಪಾಯ.

ಇಲ್ಲಿನ ಹಳೆ ವೈರಿಂಗಿನಲ್ಲಿ ಕಪ್ಪೇ ಫೇಸ್. ನ್ಯೂಟ್ರಲ್ ತಿಳಿ ಬೂದು ಅಥವಾ ಬಿಳಿ. 2010ರಲ್ಲಿ ಬಣ್ಣದ ನಿಯಮ ಬದಲಾಯಿತು. ಈಗ ಫೇಸ್ ಕಂದು, ನ್ಯೂಟ್ರಲ್ ತಿಳಿ ನೀಲಿ, ಅರ್ತ್ ಹಸಿರು-ಹಳದಿ ಪಟ್ಟೆ. ಹಾಗಂತ 2010ರ ಮೊದಲು ಕಟ್ಟಿದ ಮನೆಗಳ ವೈರನ್ನು ಯಾರೂ ಕಿತ್ತು ಬದಲಾಯಿಸಲಿಲ್ಲ. ಹಳೆ ಮನೆಗೆ ಹೊಸ ಕೋಣೆ ಸೇರಿಸಿದಾಗ ಕಪ್ಪು-ಬೂದು ಜೋಡಿಗೆ ಕಂದು-ನೀಲಿ ಜೋಡಿ ಗಂಟು ಬೀಳುತ್ತದೆ. ಒಂದೇ ಡಬ್ಬಿಯೊಳಗೆ ಎರಡು ಕಾಲದ ಬಣ್ಣ.

ತ್ರೀ-ಫೇಸ್ ಮನೆಯಲ್ಲಿ ಗೊಂದಲ ಇನ್ನೂ ದೊಡ್ಡದು. ಹಳೆ ನಿಯಮದಲ್ಲಿ ಕಪ್ಪು, ಕೆಂಪು, ನೀಲಿ ಮೂರೂ ಫೇಸ್. ಹೊಸದರಲ್ಲಿ ಕಂದು, ಕಪ್ಪು, ಬೂದು. ಅಂದರೆ ನೀಲಿ ಒಂದು ಕಾಲದಲ್ಲಿ ಫೇಸ್, ಈಗ ನ್ಯೂಟ್ರಲ್. ಬೂದು ಒಂದು ಕಾಲದಲ್ಲಿ ನ್ಯೂಟ್ರಲ್, ಈಗ ಫೇಸ್. ಎರಡು ಕಾಲದಲ್ಲೂ ಬದಲಾಗದ ಸಂಗತಿ ಒಂದೇ: ಕಪ್ಪು ವೈರಿನಲ್ಲಿ ಕರೆಂಟ್ ಇರುತ್ತದೆ. ನಮ್ಮ ಕಣ್ಣು ಯಾವುದನ್ನು ನಿರಪಾಯ ಅಂತ ಕಲಿತಿದೆಯೋ ಅದೇ ಬಣ್ಣ.

ಆದ್ದರಿಂದ ಇಲ್ಲಿ ಬಣ್ಣ ನೋಡಿ ಏನನ್ನೂ ತೀರ್ಮಾನಿಸಬೇಡಿ. ಕೆಲಸಕ್ಕೆ ಮುಂಚೆ ಮೇನ್ ಆಫ್ ಮಾಡಿ. ಮನೆಯಲ್ಲಿ ಬೇರೆಯವರಿದ್ದರೆ ಬ್ರೇಕರಿಗೆ ಟೇಪ್ ಹಚ್ಚಿ ಹೇಳಿ ಬನ್ನಿ. ಆಮೇಲೆ ಮಲ್ಟಿಮೀಟರ್ (ವೋಲ್ಟ್ ಅಳೆಯುವ ಕೈ ಮೀಟರ್) ಹಿಡಿದು ಅಳೆಯಿರಿ. ಮೊದಲು ಕರೆಂಟ್ ಇದೆ ಅಂತ ಗೊತ್ತಿರುವ ಜಾಗದಲ್ಲಿ ಅಳೆದು ಮೀಟರ್ ಸರಿ ಇದೆಯಾ ನೋಡಿ, ಆಮೇಲೆ ಕೆಲಸದ ಜಾಗದಲ್ಲಿ ಅಳೆಯಿರಿ, ಕೊನೆಗೆ ಇನ್ನೊಂದು ಸಲ ಗೊತ್ತಿರುವ ಜಾಗದಲ್ಲಿ. ಮೂರನೆಯ ಸಲ ಸುಮ್ನೆ ಅಂತ ಬಿಡಬೇಡಿ. ನಡುವೆ ಮೀಟರಿನ ಬ್ಯಾಟರಿ ಸತ್ತಿದ್ದರೆ ಅದು ಜೀವಂತ ವೈರಿಗೂ ಸೊನ್ನೆ ತೋರಿಸುತ್ತದೆ.

ಮಿಕ್ಸಿಯ ಪ್ಲಗ್ಗು

ಥಾಯ್ಲೆಂಡಿಗೆ ತನ್ನದೇ ಪ್ಲಗ್ ಇದೆ. ಮೂರು ಗುಂಡನೆಯ ಕಾಲು, 16 ಆಂಪಿಯರ್. ಅದರ ಗುಣಮಟ್ಟದ ಸಂಖ್ಯೆ 166-2549. ಕೊನೆಯ ನಾಲ್ಕು ಅಂಕಿ ಬುದ್ಧ ಶಕೆಯ ವರ್ಷ. 543 ಕಳೆದರೆ 2006 ಸಿಗುತ್ತದೆ. ಇಲ್ಲಿನ ಸಾಮಾನಿನ ಮೇಲೆ ಇಂಥ ಸಂಖ್ಯೆ ಕಂಡಾಗ ಈ ಲೆಕ್ಕ ನೆನಪಿರಲಿ. ವೈರು, ಬ್ರೇಕರ್, ಎಕ್ಸ್‌ಟೆನ್ಷನ್ ಬೋರ್ಡ್ ಎಲ್ಲದರ ಮೇಲೂ "ಮೊ ಓ ಕೊ" ಅನ್ನುವ ಮುದ್ರೆ ಇರಬೇಕು. ನಮ್ಮ ಐಎಸ್‌ಐ ಗುರುತಿನ ಹಾಗೆ.

ಗೋಡೆಯ ಸಾಕೆಟ್ ಮಾತ್ರ ಬಲು ಉದಾರಿ. ಅಮೆರಿಕದ ಚಪ್ಪಟೆ ಕಾಲನ್ನೂ ಯುರೋಪಿನ ಗುಂಡು ಕಾಲನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ. ನಮ್ಮ ಎರಡು ಕಾಲಿನ ಪ್ಲಗ್ ಕೂಡ ಸರಾಗ ಕೂರುತ್ತದೆ. ಆದರೆ ಮೂರು ಕಾಲಿನ ಭಾರತದ ಪ್ಲಗ್ ಹೋಗುವುದಿಲ್ಲ. ನಮ್ಮ ಅರ್ತ್ ಕಾಲು ತುಂಬಾ ದಪ್ಪ. ಆಗ ಎಲ್ಲರೂ ಮಾಡುವ ಕೆಲಸ, ಅಂಗಡಿಯಿಂದ ಪುಟ್ಟ ಅಡಾಪ್ಟರ್ ತರುವುದು. ಆ ಅಡಾಪ್ಟರಿಗೆ ಒಂದು ಕಡೆ ಮೂರು ತೂತು, ಇನ್ನೊಂದು ಕಡೆ ಎರಡೇ ಕಾಲು. ಅರ್ತ್ ಅಲ್ಲೇ ತುಂಡಾಯಿತು, ಅಲ್ವಾ? ಒದ್ದೆ ಕೈಯಲ್ಲಿ ಇಡ್ಲಿ ಹಿಟ್ಟು ರುಬ್ಬುವಾಗ ಮೈ ಕಾಯಬೇಕಾದ ವೈರು ಅದೇ.

ಇಲ್ಲೇ ವರ್ಷಗಟ್ಟಲೆ ಇರುವವರಿಗೆ ನನ್ನ ಸಲಹೆ, ಗ್ರೈಂಡರ್, ಮಿಕ್ಸಿಯ ಹಳೆ ಪ್ಲಗ್ ಕತ್ತರಿಸಿ ಥಾಯ್ ಮೂರು ಕಾಲಿನ ಪ್ಲಗ್ ಹಾಕಿಸಿ. ಹೋಮ್‌ಪ್ರೊ, ಥಾಯ್ ವಟ್ಸಾದು ಥರದ ದೊಡ್ಡ ಅಂಗಡಿಗಳಲ್ಲಿ ಸಿಗುತ್ತದೆ. ಹತ್ತು ನಿಮಿಷದ ಕೆಲಸ. ಸಾಕೆಟ್ಟಿನ ಹಿಂದೆ ಅರ್ತ್ ವೈರು ಇದೆ ಅಂತ ಖಚಿತ ಮಾಡಿಕೊಂಡ ಮೇಲೆ ಮಾತ್ರ ಇದರಿಂದ ಪ್ರಯೋಜನ.

ಅಂದಹಾಗೆ, ನಮ್ಮಲ್ಲಿ ಪ್ರತಿ ಸಾಕೆಟ್ಟಿನ ಪಕ್ಕ ಸ್ವಿಚ್ ಇರುತ್ತದೆ. ಇಲ್ಲಿ ಹೆಚ್ಚಾಗಿ ಇರುವುದಿಲ್ಲ. ಸಾಕೆಟ್ ಸದಾ ಜೀವಂತ. ಪುಟ್ಟ ಮಕ್ಕಳಿರುವ ಮನೆಯವರು ಸಾಕೆಟ್ ಮುಚ್ಚಳ ತಂದಿಡಿ, ಏಕೆಂದರೆ ಇಲ್ಲಿನ ಸಾಕೆಟ್ಟುಗಳು ಎಷ್ಟೋ ಸಲ ನೆಲಕ್ಕೆ ಹತ್ತಿರ ಇರುತ್ತವೆ.

ಅರ್ತ್ ಏನು ಮಾಡುತ್ತದೆ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಥಾಯ್ ಭಾಷೆಯಲ್ಲಿ ಅರ್ತ್ ವೈರಿಗೆ "ಸಾಯ್ ದಿನ್" ಅನ್ನುತ್ತಾರೆ. ಸಾಯ್ ಅಂದರೆ ತಂತಿ, ದಿನ್ ಅಂದರೆ ಮಣ್ಣು. ಮಣ್ಣಿಗೆ ಹೋಗುವ ತಂತಿ. ಹೆಸರು ಚೆನ್ನಾಗಿದೆ, ಆದರೆ ಅದೇ ಹೆಸರು ಒಂದು ತಪ್ಪು ತಿಳಿವಳಿಕೆಗೂ ದಾರಿ. ಒಂದು ಕಬ್ಬಿಣದ ಸರಳು ನೆಲಕ್ಕೆ ಹೊಡೆದು ವೈರು ಕಟ್ಟಿದರೆ ಮುಗಿಯಿತು ಅಂತ ಎಷ್ಟೋ ಜನ ತಿಳಿದಿದ್ದಾರೆ.

ಲೆಕ್ಕ ಹಾಕಿ ನೋಡಿ. ಹೀಟರಿನೊಳಗೆ ಫೇಸ್ ವೈರು ಕಳಚಿ ಲೋಹಕ್ಕೆ ತಾಗಿತು ಅಂದುಕೊಳ್ಳಿ. ಕರೆಂಟ್ ಅರ್ತ್ ವೈರಿನಿಂದ ಸರಳಿಗೆ, ಸರಳಿನಿಂದ ಮಣ್ಣಿಗೆ ಹೋಗುತ್ತದೆ. ಒಣ ನೆಲದಲ್ಲಿ ಆ ಸರಳಿನ ತಡೆ 50 ಓಮ್ ಇದ್ದರೆ 220 ವೋಲ್ಟಿಗೆ ಹರಿಯುವುದು ಬರೀ 4.4 ಆಂಪಿಯರ್. ನಿಮ್ಮ 20 ಆಂಪಿಯರ್ ಬ್ರೇಕರಿಗೆ ಅದೊಂದು ಲೆಕ್ಕವೇ ಅಲ್ಲ. ಅದು ಬೀಳುವುದಿಲ್ಲ, ಅಂದರೆ ಕರೆಂಟ್ ಕಡಿಯುವುದಿಲ್ಲ. ಹೀಟರಿನ ಮೈ ಕರೆಂಟ್ ಹೊತ್ತುಕೊಂಡೇ ಕೂತಿರುತ್ತದೆ. ಸರಳಿನ ತಡೆ 5 ಓಮ್‌ಗೆ ಇಳಿಸಿದರೂ ಹೆಚ್ಚೆಂದರೆ 44 ಆಂಪಿಯರ್. ಆಗಲೂ ಬ್ರೇಕರ್ ಕೂಡಲೇ ಬೀಳುವುದಿಲ್ಲ.

ಇದಕ್ಕೆ ಥಾಯ್ಲೆಂಡಿನ ನಿಯಮ ಇನ್ನೊಂದು ದಾರಿ ಹಿಡಿದಿದೆ. ಕಂಬದಿಂದ ಬರುವ ನ್ಯೂಟ್ರಲನ್ನು ಮನೆಯ ಬ್ರೇಕರ್ ಬೋರ್ಡಿನಲ್ಲಿ ಮೊದಲು ಅರ್ತ್ ಪಟ್ಟಿಗೆ (ಅರ್ತ್ ವೈರುಗಳೆಲ್ಲ ಸೇರುವ ಲೋಹದ ಪಟ್ಟಿ) ಸೇರಿಸಿ, ಅಲ್ಲಿಂದ ಮೇನ್ ಬ್ರೇಕರಿಗೆ ಒಯ್ಯುತ್ತಾರೆ. ಆ ಪಟ್ಟಿಯಿಂದಲೇ ನೆಲದ ಸರಳಿಗೂ ವೈರು ಹೋಗುತ್ತದೆ. ಹೀಗೆ ಮಾಡಿದಾಗ ಲೋಹಕ್ಕೆ ತಾಗಿದ ಫೇಸಿಗೆ ತಾಮ್ರದ ದಾರಿ ಸಿಗುತ್ತದೆ. ಮಣ್ಣನ್ನು ನೆಚ್ಚಿಕೊಳ್ಳಬೇಕಾಗಿಲ್ಲ. ನೂರಾರು ಆಂಪಿಯರ್ ಒಮ್ಮೆಗೇ ಹರಿದು ಬ್ರೇಕರ್ ಕಣ್ಣು ಮಿಟುಕಿಸುವಷ್ಟರಲ್ಲಿ ಬೀಳುತ್ತದೆ. ಸರಳಿಗೂ ಅಳತೆ ಇದೆ: ಉದ್ದ 2.4 ಮೀಟರ್, ದಪ್ಪ ಸುಮಾರು 16 ಮಿಲಿಮೀಟರ್, ತಾಮ್ರ ಹೊದಿಸಿದ್ದು. ಅಂಗೈ ಉದ್ದದ ಮೊಳೆ ಹೊಡೆದು ಅರ್ತ್ ಅಂತ ತೋರಿಸಿದರೆ ಒಪ್ಪಬೇಡಿ.

ಈ ಜೋಡಣೆಯಲ್ಲಿ ಒಂದು ಅಪಾಯವೂ ಇದೆ. ಬೀದಿಯಲ್ಲಿ ನ್ಯೂಟ್ರಲ್ ವೈರು ಕಡಿದುಹೋದರೆ, ನ್ಯೂಟ್ರಲಿಗೆ ಸೇರಿದ ಅರ್ತ್ ಪಟ್ಟಿಯೇ ಜೀವಂತ ಆಗಬಹುದು. ಆಗ ಫ್ರಿಜ್, ವಾಷಿಂಗ್ ಮೆಷಿನ್ನಿನ ಮೈ ಕೂಡ. ಅದಕ್ಕೇ ಬೀದಿಯ ನ್ಯೂಟ್ರಲನ್ನು ಅಲ್ಲಲ್ಲಿ ಕಂಬದ ಬುಡದಲ್ಲಿ ನೆಲಕ್ಕೆ ಸೇರಿಸಿರಬೇಕು. ನಿಮ್ಮ ಬೀದಿಯ ಕಂಬಗಳನ್ನು ನೋಡಿ. ಮೇಲಿನಿಂದ ನೆಲಕ್ಕೆ ಇಳಿದ ವೈರು ಕಾಣುತ್ತಾ? ಹಳ್ಳಿಯ ತುದಿಯ ಮನೆಗಳಲ್ಲಿ ಅದು ಕಾಣದಿದ್ದರೆ, ನ್ಯೂಟ್ರಲ್ ಮತ್ತು ಅರ್ತನ್ನು ಬೇರೆಯಾಗಿಯೇ ಇಟ್ಟು, ಸೋರಿಕೆ ಹಿಡಿಯುವ ಬ್ರೇಕರನ್ನು ನೆಚ್ಚಿಕೊಳ್ಳುವುದು ಒಳ್ಳೆಯದು. ಯಾವುದನ್ನು ಮಾಡಬೇಕು ಅಂತ ಸ್ಥಳ ನೋಡಿದ ಎಲೆಕ್ಟ್ರಿಷಿಯನ್ ಹೇಳಲಿ. ಊಹೆ ಮಾಡಿ ತಂತಿ ಸೇರಿಸುವ ಕೆಲಸ ಇದಲ್ಲ.

ಸೋರಿಕೆ ಹಿಡಿಯುವ ಬ್ರೇಕರ್

ಒದ್ದೆ ಮೈಯ ತಡೆ ಸುಮಾರು 1000 ಓಮ್ ಅಂತ ಹಿಡಿದರೆ, 220 ವೋಲ್ಟ್ ತಾಗಿದಾಗ ಮೈಯೊಳಗೆ ಹರಿಯುವುದು 0.22 ಆಂಪಿಯರ್. ಹಳೆ ಕಾಲದ 60 ವ್ಯಾಟ್ ಬಲ್ಬ್ ಇದಕ್ಕಿಂತ ಸ್ವಲ್ಪ ಜಾಸ್ತಿಯೇ ಎಳೆಯುತ್ತದೆ. ಒಂದು ಬಲ್ಬ್ ಉರಿಸಲು ಸಾಲದ ಕರೆಂಟ್ ಮನುಷ್ಯನನ್ನು ಕೊಲ್ಲಲು ಸಾಕು. ಮಾಮೂಲಿ ಎಂಸಿಬಿ, ಅಂದರೆ ಕರೆಂಟ್ ಮಿತಿ ಮೀರಿ ಹರಿದಾಗ ಬೀಳುವ ಬ್ರೇಕರ್, ಇದನ್ನು ಗಮನಿಸುವುದೇ ಇಲ್ಲ. ಅದು ವೈರನ್ನು ಕಾಯುತ್ತದೆ, ನಿಮ್ಮನ್ನು ಕಾಯುವುದಿಲ್ಲ.

ಆರ್‌ಸಿಸಿಬಿ, ಆರ್‌ಸಿಬಿಒ ಅಂತ ಕರೆಯುವ ಸಾಧನ ಬೇರೆ ಥರ ಯೋಚಿಸುತ್ತದೆ. ಫೇಸಿನಲ್ಲಿ ಹೋದದ್ದೆಲ್ಲ ನ್ಯೂಟ್ರಲಿನಲ್ಲಿ ವಾಪಸ್ ಬರಬೇಕು. ಬಾರದಿದ್ದರೆ ಎಲ್ಲೋ ಸೋರುತ್ತಿದೆ ಅಂತ ಅರ್ಥ, ಬಹುಶಃ ಯಾರದೋ ಮೈ ಮೂಲಕ. ವ್ಯತ್ಯಾಸ 30 ಮಿಲಿಆಂಪಿಯರ್ ತಲುಪುವ ಹೊತ್ತಿಗೆ ಅದು ಬಿದ್ದಿರಬೇಕು. ಸೋರಿಕೆ ಅದರ ಐದರಷ್ಟಾದರೆ 0.04 ಸೆಕೆಂಡಿನೊಳಗೆ. ಮನೆಯ ಸಾಕೆಟ್ಟುಗಳಿಗೆ, ಬಚ್ಚಲಿಗೆ, ನೀರಿನ ಪಂಪಿಗೆ ಇದು ಇರಲೇಬೇಕು. ಹಣ ಉಳಿಸಲು ಬೇರೆ ಎಲ್ಲಿ ಬೇಕಾದರೂ ಹಿಡಿತ ಮಾಡಿ, ಇಲ್ಲಿ ಬೇಡ.

ಕೆಲವು ಥಾಯ್ ಮನೆಗಳಲ್ಲಿ ಸೋರಿಕೆಯ ಮಟ್ಟ ಆರಿಸುವ ತಿರುಗಣೆ ಇರುವ ಮೇನ್ ಪೆಟ್ಟಿಗೆ ಕಾಣುತ್ತದೆ. 5ರಿಂದ 30 ಮಿಲಿಆಂಪಿಯರ್ ತನಕ ಅಂಕಿಗಳು, ಕೊನೆಯಲ್ಲಿ "ಡೈರೆಕ್ಟ್" ಅಂತ ಒಂದು ಜಾಗ. ಮಳೆಗಾಲದಲ್ಲಿ ಪದೇ ಪದೇ ಬೀಳುತ್ತದೆ ಅಂತ ಬೇಸತ್ತು ಯಾರೋ ಅದನ್ನು ಡೈರೆಕ್ಟಿಗೆ ತಿರುಗಿಸಿರುತ್ತಾರೆ. ಆಮೇಲೆ ಸೋರಿಕೆಯ ರಕ್ಷಣೆ ಪೂರ್ತಿ ಇಲ್ಲ. ನೀವು ಮನೆಗೆ ಕಾಲಿಟ್ಟ ದಿನವೇ ಆ ತಿರುಗಣೆ ನೋಡಿ. ಪದೇ ಪದೇ ಬೀಳುತ್ತಿದ್ದರೆ ತೋಟದ ದೀಪ, ಹೊರಗಿನ ಸಾಕೆಟ್, ಪಂಪ್ ಹೀಗೆ ಒಂದೊಂದೇ ಕಳಚಿ ಸೋರುವ ಜಾಗ ಹುಡುಕಿಸಿ. ಬ್ರೇಕರ್ ಸುಳ್ಳು ಹೇಳುವುದು ಅಪರೂಪ.

"ಟೆಸ್ಟ್" ಅಥವಾ "ಟಿ" ಅಂತ ಬರೆದ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ. ಬೀಳದಿದ್ದರೆ ಬದಲಾಯಿಸಿ. ಆದರೆ ಒಂದು ಮಾತು: ಗುಂಡಿ ಒತ್ತಿದಾಗ ಬಿತ್ತು ಅಂದರೆ ಬ್ರೇಕರ್ ಸರಿ ಇದೆ ಅಂತಷ್ಟೇ. ಅರ್ತ್ ವೈರು ಇದೆಯೋ ಇಲ್ಲವೋ ಅದಕ್ಕೆ ಗೊತ್ತಾಗುವುದಿಲ್ಲ.

ಬಚ್ಚಲಿನ ಹೀಟರ್

ನಮ್ಮ ಗೀಸರಿನಲ್ಲಿ ನೀರು ತುಂಬಿ ಕಾಯುತ್ತದೆ. ಸ್ವಿಚ್ ಆಫ್ ಮಾಡಿ ಸ್ನಾನಕ್ಕೆ ಇಳಿಯಬಹುದು. ಇಲ್ಲಿನ "ನಾಮ್ ಉನ್" ಹೀಟರ್ ಹಾಗಲ್ಲ. ನೀರು ಹರಿಯುವಾಗಲೇ ಕಾಯಿಸುತ್ತದೆ. ಅಂದರೆ ನೀವು ಒದ್ದೆಯಾಗಿ ಅದರ ಕೆಳಗೆ ನಿಂತಿರುವ ಅಷ್ಟೂ ಹೊತ್ತು ಅದು ಉರಿಯುತ್ತಿರುತ್ತದೆ. ಅದಕ್ಕೇ ಈ ಒಂದು ಸಾಧನದ ಬಗ್ಗೆ ನನಗೆ ಇಷ್ಟು ಕಾಳಜಿ.

3500 ವ್ಯಾಟಿನದು ಸುಮಾರು 16 ಆಂಪಿಯರ್ ಎಳೆಯುತ್ತದೆ, 4500ರದ್ದು 20ಕ್ಕಿಂತ ಸ್ವಲ್ಪ ಹೆಚ್ಚು, 6000ದ್ದು 27. ಮೊದಲನೆಯದಕ್ಕೆ ಕನಿಷ್ಠ ಎರಡೂವರೆ ಚದರ ಮಿಲಿಮೀಟರ್ ವೈರು, ಎರಡನೆಯದಕ್ಕೆ 4, ಮೂರನೆಯದಕ್ಕೆ 6. ಹೀಟರಿನ ಕೈಪಿಡಿ ಇನ್ನೂ ದಪ್ಪ ಕೇಳಿದರೆ ಅದನ್ನೇ ಹಾಕಿಸಿ. ಬೋರ್ಡಿನಿಂದ ನೇರ ಬೇರೆ ಲೈನ್, ಬೇರೆ ಬ್ರೇಕರ್. ಪ್ಲಗ್ಗಿಗೆ ಚುಚ್ಚುವ ಸಾಮಾನು ಇದಲ್ಲ. ಹಳೆ 3500ರ ಜಾಗಕ್ಕೆ ಅಂಗಡಿಯಿಂದ 6000ದ್ದು ತಂದು ಅದೇ ವೈರಿಗೆ ಕಟ್ಟಿದರೆ ಗೋಡೆಯೊಳಗೆ ವೈರು ಬೇಯುತ್ತದೆ.

ಹೀಟರಿನೊಳಗೆ ಸೋರಿಕೆ ಬ್ರೇಕರ್ ಇದ್ದೇ ಇರುತ್ತದೆ, ಅರ್ತ್ ಯಾಕೆ ಅಂತ ಕೇಳುವವರಿದ್ದಾರೆ. ಅರ್ತ್ ಇದ್ದರೆ ಸೋರಿಕೆ ಶುರುವಾದ ಕ್ಷಣವೇ ಕರೆಂಟಿಗೆ ದಾರಿ ಸಿಕ್ಕಿ ಬ್ರೇಕರ್ ಬೀಳುತ್ತದೆ, ನೀವು ಬಚ್ಚಲಿಗೆ ಹೋಗುವ ಮೊದಲೇ. ಅರ್ತ್ ಇಲ್ಲದಿದ್ದರೆ ಬ್ರೇಕರಿಗೆ ಸೋರಿಕೆ ಗೊತ್ತಾಗುವುದು ನೀವು ಮುಟ್ಟಿದ ಮೇಲೆ. ನನ್ನ ಬೆರಳ ಜುಮ್ ಅದೇ ಆಗಿತ್ತು. ಬ್ರೇಕರ್ ಬೀಳುವಷ್ಟು ಸೋರಿಕೆ ಇನ್ನೂ ಆಗಿರಲಿಲ್ಲ.

ಯಾರನ್ನು ಕರೆಯಬೇಕು

ಎಲೆಕ್ಟ್ರಿಷಿಯನ್ನಿಗೆ "ಚಾಂಗ್ ಫೈ" ಅನ್ನುತ್ತಾರೆ. 2016ರ ಅಕ್ಟೋಬರ್ 26ರಿಂದ ಕಟ್ಟಡದೊಳಗಿನ ವೈರಿಂಗ್ ಮಾಡುವವರಿಗೆ ಕೌಶಲ ಅಭಿವೃದ್ಧಿ ಇಲಾಖೆಯ ನಿಯಮದ ಪ್ರಕಾರ ಅರ್ಹತಾ ಪತ್ರ ಕಡ್ಡಾಯ. ಇಲ್ಲದೆ ಕೆಲಸ ಮಾಡಿದವರಿಗೆ 5000 ಬಾತ್, ಅಂಥವರನ್ನು ಕೆಲಸಕ್ಕಿಟ್ಟವರಿಗೆ 30,000 ಬಾತ್ ತನಕ ದಂಡ ಇದೆ. ಆದ್ದರಿಂದ ಕಾರ್ಡ್ ತೋರಿಸಿ ಅಂತ ಕೇಳಲು ಸಂಕೋಚ ಬೇಡ. ಕಾಂಡೋದಲ್ಲಿದ್ದರೆ ಮೊದಲು ಕಟ್ಟಡದ ಆಡಳಿತ ಕಚೇರಿಗೆ ತಿಳಿಸಿ. ಸಾಮಾನ್ಯವಾಗಿ ಅವರ ಅನುಮತಿ ಬೇಕಾಗುತ್ತದೆ.

ಬಲ್ಬ್, ಪ್ಲಗ್, ಕರೆಂಟ್ ತೆಗೆದ ಲೈನಿನ ಸಾಕೆಟ್ ಮುಖ ಬದಲಾಯಿಸುವುದನ್ನು ಕೈ ಪಳಗಿದವರು ಮಾಡಬಹುದು. ಬೋರ್ಡ್, ಹೀಟರ್, ಪಂಪ್, ಅರ್ತ್ ಸರಳು ಚಾಂಗ್ ಫೈ ಕೆಲಸ. ಮೀಟರ್ ಮತ್ತು ಅದರ ಸೀಲ್ ಕರೆಂಟ್ ಕೊಡುವ ಸಂಸ್ಥೆಯದು.

ಕೆಲಸ ಮುಗಿದ ಮೇಲೆ ಅವರ ಎದುರೇ ಅಳೆಯಿರಿ. ಫೇಸ್-ನ್ಯೂಟ್ರಲ್ ನಡುವೆ 220 ಚಿಲ್ಲರೆ, ಫೇಸ್-ಅರ್ತ್ ನಡುವೆಯೂ ಅಷ್ಟೇ, ನ್ಯೂಟ್ರಲ್-ಅರ್ತ್ ನಡುವೆ ಸೊನ್ನೆ ಅಥವಾ ಒಂದೆರಡು ವೋಲ್ಟ್. ಫೇಸ್-ಅರ್ತ್ ನಡುವೆ 90, 110 ಅಂತ ಅಲೆದಾಡುವ ಅಂಕಿ ಬಂದರೆ ಅರ್ತ್ ವೈರು ಎಲ್ಲಿಗೂ ಸೇರಿಲ್ಲ. ಸಾಕೆಟ್ಟಿಗೆ ಚುಚ್ಚುವ ಮೂರು ದೀಪದ ಟೆಸ್ಟರ್ ಅಗ್ಗಕ್ಕೆ ಸಿಗುತ್ತದೆ, ಇಟ್ಟುಕೊಳ್ಳಿ. ಆದರೆ ಸಾಕೆಟ್ಟಿನ ಹಿಂದೆ ನ್ಯೂಟ್ರಲನ್ನೇ ಅರ್ತ್ ತುದಿಗೆ ತುಂಡು ವೈರಿನಿಂದ ಕಟ್ಟಿದ್ದರೂ ಅದು "ಸರಿ" ಅನ್ನುತ್ತದೆ. ಒಂದು ಸಾಕೆಟ್ಟನ್ನಾದರೂ ಬಿಚ್ಚಿಸಿ ಕಣ್ಣಾರೆ ನೋಡಿ.

ಮಳೆಗಾಲಕ್ಕೆ ಮುಂಚೆ ಇಷ್ಟೆಲ್ಲ ಮಾಡಿಸಿದರೆ ಒಳ್ಳೆಯದು. 2011ರ ದೊಡ್ಡ ಪ್ರವಾಹದಲ್ಲಿ ಇಲ್ಲಿ ಎಷ್ಟೋ ಜನ ಸತ್ತದ್ದು ಕರೆಂಟ್ ತಾಗಿ. ಕೆಳಗಿನ ಮಹಡಿಗೂ ಮೇಲಿನದಕ್ಕೂ ಬೇರೆ ಬೇರೆ ಬ್ರೇಕರ್ ಇದ್ದರೆ, ನೀರು ಒಳಗೆ ಬರುವ ಮೊದಲೇ ಕೆಳಗಿನದನ್ನು ತೆಗೆದು ಮೇಲೆ ಇರಬಹುದು. ನೀರು ಬೋರ್ಡ್ ಮುಟ್ಟಿದ ಮೇಲೆ ಅದರ ಹತ್ತಿರ ಹೋಗಬೇಡಿ, 1130 ಅಥವಾ 1129ಕ್ಕೆ ಫೋನ್ ಮಾಡಿ. ನೀರು ಇಳಿದ ಮೇಲೂ ಮುಳುಗಿದ ಸಾಕೆಟ್ಟನ್ನು ಒಣಗಿಸಿ ಬಳಸಬೇಡಿ, ಬದಲಾಯಿಸಿ. ಇನ್ನು ಇರುವೆ, ಹಲ್ಲಿಗಳ ಕಾಟ. ಎಸಿಯ ಹೊರಗಿನ ಪೆಟ್ಟಿಗೆಯೊಳಗೆ ಹಲ್ಲಿ ಸಿಕ್ಕಿಕೊಂಡು ಅದರ ಸರ್ಕ್ಯೂಟ್ ಬೋರ್ಡ್ ಸುಡುವುದು ಇಲ್ಲಿ ಮಾಮೂಲು. ವೈರು ಹೋಗುವ ತೂತನ್ನು ಸಿಲಿಕೋನ್ ಹಚ್ಚಿ ಮುಚ್ಚಿಸಿ.

ನಮ್ಮ ಮನೆಯಲ್ಲಿ ಚಾಂಗ್ ಫೈ ಹಿತ್ತಲಲ್ಲಿ ಸರಳು ಹೊಡೆದು, ಬೋರ್ಡಿನಿಂದ ಬಚ್ಚಲಿಗೂ ಅಡುಗೆಮನೆಗೂ ಹಸಿರು-ಹಳದಿ ವೈರು ಎಳೆಯಲು ಒಂದು ಇಡೀ ದಿನ ಹಿಡಿಯಿತು. ಸಂಜೆ ಹೀಟರ್ ಆನ್ ಮಾಡಿದಾಗ ಬ್ರೇಕರ್ ತಟ್ಟನೆ ಬಿತ್ತು. ಇಷ್ಟು ದಿನ ಬೆರಳಿಗೆ ಜುಮ್ ಅನ್ನಿಸುತ್ತಿದ್ದ ಸೋರಿಕೆಗೆ ಕೊನೆಗೂ ದಾರಿ ಸಿಕ್ಕಿತ್ತು. ಆ ಹೀಟರ್ ಕಿತ್ತು ಹೊಸದು ಹಾಕಿಸಿದೆವು. ಈಗ ಬೇರೆ ಮನೆ ನೋಡಲು ಯಾರಾದರೂ ಸ್ನೇಹಿತರು ಕರೆದರೆ, ಮಾಲೀಕರನ್ನು ನಾನು ಮೊದಲು ಕೇಳುವುದು ಬಾಡಿಗೆ ಎಷ್ಟು ಅಂತಲ್ಲ. "ಮೀ ಸಾಯ್ ದಿನ್ ಮೈ?" ಅಂತ ಕೇಳುತ್ತೇನೆ. ಅರ್ತ್ ಇದೆಯಾ? ಇದೆ ಅಂದರೆ, ಒಂದು ಸಾಕೆಟ್ ಬಿಚ್ಚಿ ತೋರಿಸಿ ಅನ್ನುತ್ತೇನೆ.